ಕರೆಂಟ್ ಹೋದಾಗ ಕೇಳಿಸಿದ್ದು

ಬೇಸಿಗೆಯ ಒಂದು ಸಂಜೆ, ಏಳೂವರೆ ಇರಬಹುದು, ದಾವಣಗೆರೆಯ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಜನ ಗೊಣಗುತ್ತಾ ಕಟ್ಟೆಗೆ ಬಂದು ಕೂತರು. ನನ್ನ ಹ್ಯಾಮ್ ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತದೆ. ಅದು ಆರಲಿಲ್ಲ, ಆದರೆ ಅಷ್ಟು ಹೊತ್ತು ಝುಂಯ್ ಅನ್ನುತ್ತಿದ್ದ ಸ್ಪೀಕರ್ ಒಮ್ಮೆಲೇ ತಣ್ಣಗಾಯಿತು. ರೇಡಿಯೋ ಕೆಟ್ಟಿತೇನೋ ಅಂದುಕೊಂಡೆ. ಡಯಲ್ ಒಂಚೂರು ತಿರುಗಿಸಿದರೆ ತಮಿಳುನಾಡಿನವರೊಬ್ಬರು ತಮ್ಮ ಊರಿನ ಮಳೆ ವಿಷಯ ಹೇಳುತ್ತಿದ್ದರು. ದಿನಾ ಇದೇ ಹೊತ್ತಿಗೆ ಅವರು ಅಲ್ಲಿದ್ದಿರಬೇಕು, ನನಗೇ ಕೇಳಿಸಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಬೀದಿ ಮಕ್ಕಳು ಹೋ ಅಂದರು. ಆ ದನಿ ಮತ್ತೆ ಮುಳುಗಿತು.

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಇಟ್ಟುಕೊಂಡು ಮಾತಾಡುವವರು ನಾವು. ನಾವು 'ಲೋ ಬ್ಯಾಂಡ್' ಅನ್ನುವುದು 160, 80 ಮತ್ತು 40 ಮೀಟರ್ ಬ್ಯಾಂಡ್‌ಗಳಿಗೆ. ಮೀಟರ್ ಅಂದರೆ ಅಲೆಯ ಉದ್ದ. ಡೈಪೋಲ್ ಎಂಬ ಸರಳ ಆಂಟೆನಾಕ್ಕೆ ಅದರ ಅರ್ಧದಷ್ಟು ತಂತಿ ಬೇಕು. 40 ಮೀಟರಿಗೆ ಸುಮಾರು 20 ಮೀಟರ್, ಅಂದರೆ 66 ಅಡಿ. ನಮ್ಮ ಸೈಟ್ ಮೂವತ್ತು ನಲವತ್ತರದ್ದು. ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ. ಹಾಗಾಗಿ ತಾರಸಿ ನಡುವೆ 20 ಅಡಿಯ ಪೈಪ್ ನಿಲ್ಲಿಸಿ, ತಂತಿಯನ್ನು ತಲೆಕೆಳಗಾದ ವಿ ಆಕಾರದಲ್ಲಿ ಇಳಿಬಿಟ್ಟು, ಒಂದು ತುದಿಯನ್ನು ಪಕ್ಕದ ಮನೆಯ ತೆಂಗಿನ ಮರಕ್ಕೆ ಕಟ್ಟಿದ್ದೇನೆ. ಮರದ ಬಾಡಿಗೆ ವರ್ಷಕ್ಕೊಮ್ಮೆ ಹೋಳಿಗೆ ಊಟ.

ಇಷ್ಟು ಕೆಳಗಿದ್ದರೆ ಅಮೆರಿಕ ಸಿಗುತ್ತಾ ಅಂತ ಕೇಳುವವರಿದ್ದಾರೆ. ಸುಲಭಕ್ಕೆ ಸಿಗಲ್ಲ. ಕಾಲು ಅಲೆಯಷ್ಟೇ ಎತ್ತರದ ಡೈಪೋಲ್ ತನ್ನ ಶಕ್ತಿಯಲ್ಲಿ ಬಹುಪಾಲನ್ನು ನೆತ್ತಿಯ ಕಡೆಗೇ ಎಸೆಯುತ್ತದೆ. ಅದು ಮೇಲಿನ ವಾತಾವರಣದ ಅಯಾನುಗೋಳ ಎಂಬ ವಿದ್ಯುತ್ ಪದರಕ್ಕೆ ಬಡಿದು ಕೊಡೆಯ ಹಾಗೆ ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿಗೆ ಇಳಿಯುತ್ತದೆ. ಬೆಂಗಳೂರು, ಮಂಗಳೂರು, ಕಲಬುರಗಿ ಎಲ್ಲ ಆ ಕೊಡೆಯೊಳಗೇ ಬರುತ್ತವೆ. ನನಗೆ ಅಷ್ಟು ಸಾಕು.

ಹೊಸಬರು, ಆಂಟೆನಾ ರೇಡಿಯೋಗೆ ಎಷ್ಟು ಹೊಂದಿದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿಗೆ ಪೂಜೆ ಮಾಡುತ್ತಾರೆ. ಮುಳ್ಳು ಒಂದಕ್ಕೆ ಬಂದರೆ ಮೋಕ್ಷ. ಆಂಟೆನಾ ಬದಲು ಡಮ್ಮಿ ಲೋಡ್ ಎಂಬ 50 ಓಮ್ ರೆಸಿಸ್ಟರ್ ಸಿಕ್ಕಿಸಿದರೂ ಮುಳ್ಳು ಒಂದಕ್ಕೇ ನಿಲ್ಲುತ್ತದೆ. ಅದರಿಂದ ದನಿ ಪಕ್ಕದ ಓಣಿಗೂ ಹೋಗಲ್ಲ. ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನ ವಿಷಯದಲ್ಲೂ ಹೀಗೇ ಸುಮ್ನೆ ಚಿಂತೆ. ಸಾಧಾರಣ ಆರ್‌ಜಿ-58 ಕೇಬಲ್ 25 ಮೀಟರ್ ಇದ್ದರೆ, 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್‌ನಲ್ಲಿ 100 ವ್ಯಾಟ್‌ಗೆ ಸುಮಾರು 80 ವ್ಯಾಟ್ ಆಂಟೆನಾಕ್ಕೆ ತಲುಪುತ್ತದೆ. ಇದೇ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಮೂರನೇ ಎರಡು ಭಾಗ ನುಂಗುತ್ತದೆ. ಲೋ ಬ್ಯಾಂಡಿನಲ್ಲಿ ಈ ಕೇಬಲ್ ಸಿಗ್ನಲ್ ನುಂಗುವುದಕ್ಕಿಂತ ಗಲಾಟೆ ತಂದು ಸುರಿಯುವುದೇ ಜಾಸ್ತಿ.

ಅದು ಹೇಗೆ ಅಂತ ನನಗೆ ಅರ್ಥವಾಗಲು ವರ್ಷ ಹಿಡಿಯಿತು. ಕೋಆಕ್ಸ್ ಕೇಬಲ್ಲಿನ ಸಿಪ್ಪೆ ಸುಲಿದು ನೋಡಿ. ನಡುವೆ ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಹೆಣೆದ ತಾಮ್ರದ ಬಲೆ. ಎರಡೇ ತಂತಿ ಅಲ್ವಾ? ರೇಡಿಯೋ ಲೆಕ್ಕದಲ್ಲಿ ಮೂರು. 7 ಮೆಗಾಹರ್ಟ್ಸ್‌ನ ಕರೆಂಟ್ ತಾಮ್ರದೊಳಗೆ ಸುಮಾರು 0.025 ಮಿಲಿಮೀಟರ್ ಆಳಕ್ಕೆ ಇಳಿಯುವಷ್ಟರಲ್ಲೇ ಸೊರಗಿಬಿಡುತ್ತದೆ. ಹೀಗಾಗಿ ಬಲೆಯ ಒಳಮೈಯಲ್ಲಿ ಹರಿಯುವುದಕ್ಕೆ ಹೊರಮೈಯಲ್ಲಿ ಹರಿಯುವುದರ ಸುದ್ದಿಯೇ ಗೊತ್ತಿರುವುದಿಲ್ಲ. ಒಂದೇ ಗೋಡೆಯ ಎರಡು ಬದಿಯಲ್ಲಿ ಎರಡು ಸಂಸಾರ ಇದ್ದ ಹಾಗೆ. ಸಿಗ್ನಲ್ ಓಡಾಡುವುದು ಒಳಗೆ. ಹೊರಮೈ ಮಾತ್ರ ಮನೆಯಿಂದ ತಾರಸಿವರೆಗೆ ತೂಗಿಬಿದ್ದ ಇನ್ನೊಂದು ಆಂಟೆನಾ. ಕೆಳಗೆ ಟಿವಿ, ವೈಫೈ, ಚಾರ್ಜರ್‌ಗಳು ಕಾರುವ ಗಲಾಟೆ ಈ ಹೊರಮೈ ಹಿಡಿದು ಮೇಲೆ ಹತ್ತುತ್ತದೆ. ಪೈಪಿನ ತುದಿಯಲ್ಲಿ ಕೇಬಲ್ ಬಿಚ್ಚಿ ಎರಡು ತಂತಿಗೆ ಬೆಸುಗೆ ಹಾಕಿದ್ದೇವಲ್ಲ, ಅಲ್ಲಿ ಒಳಮೈ ಹೊರಮೈ ಎರಡೂ ಸೇರುತ್ತವೆ. ಗಲಾಟೆ ಅಲ್ಲಿ ತಿರುಗಿ, ಒಳಕ್ಕೆ ನುಸುಳಿ, ಸಿಗ್ನಲ್ ಜೊತೆ ಕೆಳಗಿಳಿಯುತ್ತದೆ.

ಮದ್ದು ಸರಳ. ಎರಡೂವರೆ ಇಂಚಿಗೆ ಚೂರು ಕಡಿಮೆ ಅಗಲದ, ಫೆರೈಟ್ ಎಂಬ ಕಾಂತೀಯ ಪಿಂಗಾಣಿಯ ರಿಂಗ್ ತಂದು, ಕೇಬಲ್ಲನ್ನೇ ಹತ್ತು ಹನ್ನೆರಡು ಸುತ್ತು ಸುತ್ತಿ, ಆಂಟೆನಾದ ನಡುವೆ ಕಟ್ಟಬೇಕು. ಇದಕ್ಕೆ ಚೋಕ್ ಅನ್ನುತ್ತೇವೆ. ಕೇಬಲ್ಲಿನೊಳಗೆ ಹೋಗುವ ಕರೆಂಟ್, ಬರುವ ಕರೆಂಟ್ ಸಮ ಇರುವುದರಿಂದ ರಿಂಗಿಗೆ ಅವು ಕಾಣುವುದೇ ಇಲ್ಲ. ಹೊರಮೈಯ ಒಂಟಿ ಕರೆಂಟ್ ಮಾತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಮನೆಯೊಳಗೆ ಕೇಬಲ್ ಬರುವ ಕಡೆ ಇನ್ನೊಂದು ಚೋಕ್ ಹಾಕಿದೆ. ಸಿಗ್ನಲ್ಲಿನ ಬಲ ತೋರಿಸುವ, ರೇಡಿಯೋದ ಎಸ್-ಮೀಟರಿನಲ್ಲಿ 9 ತೋರಿಸುತ್ತಿದ್ದ ಗಲಾಟೆ 7ಕ್ಕೆ ಇಳಿಯಿತು. ಮೀಟರಿನಲ್ಲಿ ಒಂದೊಂದು ಅಂಕ ಇಳಿದಾಗಲೂ ವೋಲ್ಟೇಜ್ ಅರ್ಧವಾಗುತ್ತದೆ, ಅಂದರೆ ನಾಲ್ಕನೇ ಒಂದು ಭಾಗಕ್ಕೆ ಬಂತು.

ಉಳಿದ ಏಳಕ್ಕೆ ಪತ್ತೇದಾರಿ ಕೆಲಸ. ರೇಡಿಯೋವನ್ನು ಬ್ಯಾಟರಿಯಲ್ಲಿ ಓಡಿಸುತ್ತಾ ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿದೆ. ಅಮ್ಮ ಒಳಗಿಂದ "ಮಿಕ್ಸಿ ನಿಲ್ಸಿದ್ಯಾರೋ?" ಅಂದರು. ದೇವರ ಮನೆಯ ಎಂಸಿಬಿ ಇಳಿದಾಗ ಮುಳ್ಳೂ ಇಳಿಯಿತು. ಅಲ್ಲಿ ಉರಿಯುತ್ತಿದ್ದುದು ಅಗ್ಗದ ಒಂದು ಎಲ್‌ಇಡಿ ಸರ. ಇಂಥವುಗಳ ಹೊಟ್ಟೆಯಲ್ಲಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು, ಕೆಲವೊಮ್ಮೆ ಲಕ್ಷ ಸಲ ಕತ್ತರಿಸುವ ಸರ್ಕ್ಯೂಟ್ ಇರುತ್ತದೆ. ಹೀಗೆ ಚಕ್ಕನೆ ಕತ್ತರಿಸಿದ ಕರೆಂಟಿನ ಚೂರುಗಳು ಮೆಗಾಹರ್ಟ್ಸ್‌ಗಳವರೆಗೂ ಹಾರುತ್ತವೆ. ತಡೆಯುವ ಫಿಲ್ಟರಿಗೆ ಖರ್ಚಿದೆ, ಅಗ್ಗದ ಮಾಲಿನಲ್ಲಿ ಅದನ್ನೇ ಬಿಟ್ಟಿರುತ್ತಾರೆ.

ಬೀದಿಯಲ್ಲಿ ಹುಡುಕಲು ಹಳೇ ಟ್ರಾನ್ಸಿಸ್ಟರ್ ಸಾಕು. ಹಿಂದೆ ಭದ್ರಾವತಿ ಸ್ಟೇಷನ್ ಹಿಡಿಯಲು ಸೆಟ್ಟನ್ನು ಅತ್ತಿತ್ತ ತಿರುಗಿಸುತ್ತಿದ್ದೆವು, ನೆನಪಿದೆಯಾ? ಒಳಗಿರುವ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆ ನೆಟ್ಟಗೆ ತಿರುಗಿದರೆ ದನಿ ಸೊರಗುತ್ತದೆ. ಗಲಾಟೆಗೂ ಅದೇ ನಿಯಮ. ಮೀಡಿಯಂ ವೇವ್‌ನ ಖಾಲಿ ಜಾಗಕ್ಕೆ ಇಟ್ಟು ನಡೆದರೆ ಕಡ್ಡಿಯೇ ಕಳ್ಳನನ್ನು ತೋರಿಸುತ್ತದೆ. ಮೂಲೆ ಕಂಬದ ಸಡಿಲ ಕ್ಲಾಂಪ್ ಹೀಗೇ ಸಿಕ್ಕಿತು. ಒಣ ದಿನಗಳಲ್ಲಿ ಗುಂಯ್ ಅನ್ನುವುದು, ಮಳೆ ಬಿದ್ದರೆ ಸುಮ್ಮನಾಗುವುದು. ಲೈನ್‌ಮ್ಯಾನ್ ಬಂದು ಬಿಗಿ ಮಾಡಿದರು.

ಆಕಾಶದ ಗಲಾಟೆಗೆ ಮಾತ್ರ ಮದ್ದಿಲ್ಲ. ಭೂಮಿಯ ಮೇಲೆ ಎಲ್ಲೆಲ್ಲೋ ಸೇರಿ ಸೆಕೆಂಡಿಗೆ 40ಕ್ಕೂ ಹೆಚ್ಚು ಮಿಂಚು ಹೊಡೆಯುತ್ತಿರುತ್ತವೆ. ಹಗಲು ಅಯಾನುಗೋಳದ ಕೆಳಪದರ ಅವುಗಳ ಸದ್ದನ್ನು ಹೀರುತ್ತದೆ. ರಾತ್ರಿ ಆ ಪದರ ಕರಗಿದಾಗ ದೂರದ ಸ್ಟೇಷನ್ ಜೊತೆ ದೂರದ ಮಿಂಚೂ ಬರುತ್ತದೆ. ಭರಣಿ ಮಳೆಯ ದಿನಗಳಲ್ಲಿ 80 ಮೀಟರ್ ಕೇಳಿದರೆ ನಮ್ಮ ಮಂಡಕ್ಕಿ ಭಟ್ಟಿಯ ಮುಂದೆ ನಿಂತ ಹಾಗೆ, ಬಿಸಿ ಮರಳಿಗೆ ಅಕ್ಕಿ ಬಿದ್ದ ಸದ್ದು. ಹತ್ತಿರದಲ್ಲೇ ಗುಡುಗಿದರೆ ಕೇಳುವುದು ಬಿಟ್ಟು ಕೇಬಲ್ ಕಿತ್ತು ಹೊರಗೆಸೆಯುತ್ತೇನೆ.

ಮನೆಯ ಗಲಾಟೆಯೇ ಇಲ್ಲದಿದ್ದರೆ ಹೇಗಿರುತ್ತದೆ ಅಂತ ನೋಡಲು ಚಳ್ಳಕೆರೆ ಕಡೆಯ ಗೆಳೆಯನ ಶೇಂಗಾ ಹೊಲಕ್ಕೆ ಹೋಗಿದ್ದೆ. ಹತ್ತಿರ ಕರೆಂಟ್ ಲೈನ್ ಇಲ್ಲ. ಎರಡು ಬಿದಿರು ಗಳ, ಒಂದು ತಂತಿ, ಒಂದು ಬ್ಯಾಟರಿ. ಮುಳ್ಳು 1ರ ಮೇಲೆ ಮಲಗಿತ್ತು. ಸೆಕೆಂಡಿಗೊಮ್ಮೆ ಟಕ್ ಅನ್ನುವ ಸದ್ದೊಂದು ಬಿಟ್ಟರೆ ಬೇರೆ ಇಲ್ಲ. ಅದು ಆಚೆ ಹೊಲದವರು ಹಂದಿಗೆ ಹಾಕಿದ್ದ ಸೋಲಾರ್ ಬೇಲಿ.

ಊರಿಗೆ ಬಂದು ಮತ್ತೆ ಟ್ರಾನ್ಸಿಸ್ಟರ್ ಹಿಡಿದೆ. ಕೊನೆಯ ಕಳ್ಳ ಸಿಕ್ಕಿದ್ದು ತೆಂಗಿನ ಮರದವರ ಮನೆಯಲ್ಲೇ. ಅಕ್ವೇರಿಯಂ ಪಂಪಿನ ಅಡಾಪ್ಟರ್. ಅದರ ವೈರಿಗೆ ನಾಲ್ಕು ಸುತ್ತು ಹಾಕಿ ಫೆರೈಟ್ ಕ್ಲಿಪ್ ಸಿಕ್ಕಿಸಿದೆ. ಮನೆಯ ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದವರು ಕೇಳಿದರು: "ಮೀನಿಗೇನೂ ಆಗಲ್ವೇನ್ರಿ?"