ರಾತ್ರಿಯ ಸೆಕೆಗೆ ತಾರಸಿಯೇ ಕಾರಣ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅದು ಓಡಿದ ಬೆನ್ನಲ್ಲೇ ನನಗೆ ಕರೆಗಳು ಶುರುವಾಗುತ್ತವೆ. ಮೈಸೂರಿನ ಬೋಗಾದಿ, ವಿಜಯನಗರ, ದಟ್ಟಗಳ್ಳಿ, ಜೆ.ಪಿ. ನಗರ, ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ: "ಸಾರ್, ಮಹಡಿಯ ರೂಮಿಗೆ ಒಂದು ಟನ್ ಎ.ಸಿ. ಸಾಕೇ, ಒಂದೂವರೆ ಬೇಕೇ?" ನನ್ನ ಕಸುಬು ಮನೆ ವಿನ್ಯಾಸ, ಎ.ಸಿ. ವ್ಯಾಪಾರವಲ್ಲ. ಆದ್ದರಿಂದ ತಿರುಗಿ ಕೇಳುತ್ತೇನೆ: ಸೆಕೆ ತಡೆಯಲಾಗದು ಎನಿಸುವುದು ಯಾವ ಹೊತ್ತಿನಲ್ಲಿ? ಬಹುತೇಕರ ಉತ್ತರ, "ರಾತ್ರಿ ಊಟ ಮುಗಿಸಿ ಮಲಗಲು ಹೋದಾಗ." ಮಧ್ಯಾಹ್ನವಲ್ಲ, ರಾತ್ರಿ. ರೋಗ ಎಲ್ಲಿದೆ ಎಂದು ತಿಳಿಯಲು ಇಷ್ಟು ಸಾಕು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಊರು. ಏಪ್ರಿಲ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 34–35 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 21ರ ಆಸುಪಾಸಿಗೆ ಇಳಿಯುತ್ತದೆ. ಕರಾವಳಿಯವರು ಹೊಟ್ಟೆಕಿಚ್ಚು ಪಡಬೇಕಾದ ಸಂಗತಿ ಇದು. ರಾತ್ರಿ ಹತ್ತಕ್ಕೆ ಗೇಟಿನ ಬಳಿ ನಿಂತು ಮಾತನಾಡುವವರಿಗೆ ಹಿತವಾದ ಗಾಳಿ ಸಿಗುತ್ತಿರುತ್ತದೆ. ಅದೇ ಹೊತ್ತಿಗೆ ಮಹಡಿಯ ಕೋಣೆಯಲ್ಲಿ ಮಲಗಿದವರು ದಿಂಬು ಮಗುಚಿ ಹಾಕುತ್ತಾ ಹೊರಳಾಡುತ್ತಿರುತ್ತಾರೆ. ಊರು ತಣಿದಿದೆ, ಮನೆ ತಣಿದಿಲ್ಲ.

ಸುಮ್ಮನೆ ಕುಳಿತಿರುವ ಮನುಷ್ಯನ ಮೈ ಸುಮಾರು 100 ವಾಟ್ ಶಾಖವನ್ನು ಹೊರಹಾಕುತ್ತಲೇ ಇರುತ್ತದೆ. ಅದು ಸಲೀಸಾಗಿ ಹೋದರೆ ಹಿತ, ತಡೆದು ನಿಂತರೆ ಸೆಕೆ, ಅತಿಯಾಗಿ ಹೋದರೆ ಚಳಿ. ಇದನ್ನು ತೀರ್ಮಾನಿಸುವ ಅಂಶಗಳು ಆರು: ಗಾಳಿಯ ಉಷ್ಣಾಂಶ, ಗೋಡೆ ಮತ್ತು ಛಾವಣಿಗಳು ಸೂಸುವ ಕಾವು, ಗಾಳಿಯ ಓಟ, ತೇವಾಂಶ, ಉಟ್ಟ ಬಟ್ಟೆ, ಮಾಡುತ್ತಿರುವ ಕೆಲಸ. ಡೆನ್ಮಾರ್ಕಿನ ಎಂಜಿನಿಯರ್ ಪಿ. ಓ. ಫ್ಯಾಂಗರ್ ಈ ಆರನ್ನೂ ಒಂದೇ ಸಮೀಕರಣದಲ್ಲಿ ಹೆಣೆದು 1970ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿ ಕೂಡಿಬಂದ ಕೋಣೆಯಲ್ಲೂ ನೂರಕ್ಕೆ ಐವರಾದರೂ ಗೊಣಗುತ್ತಾರೆ. ಫ್ಯಾನಿನ ರೆಗ್ಯುಲೇಟರಿಗಾಗಿ ಗಂಡ ಹೆಂಡಿರ ನಡುವೆ ನಡೆಯುವ ಜಗಳಕ್ಕೆ ವಿಜ್ಞಾನದ ಸಮ್ಮತಿಯಿದೆ ಎಂದಾಯಿತು.

ಆರರಲ್ಲಿ ಜನ ನೋಡುವುದು ಮೊದಲನೆಯದನ್ನು ಮಾತ್ರ. ಮೊಬೈಲಿನಲ್ಲಿ ಕಾಣುವುದೂ ಅದೇ, ಎ.ಸಿ.ಯ ರಿಮೋಟಿನಲ್ಲಿ ಕಾಣುವುದೂ ಅದೇ. ನಮ್ಮ ಸೀಮೆಯ ಮನೆಗಳಲ್ಲಿ ನಿದ್ದೆ ಕೆಡಿಸುವುದು ಎರಡನೆಯದು, ಅಂದರೆ ಮೇಲ್ಮೈಗಳ ಕಾವು. ಮಂಡ್ಯದ ಕಡೆ ಆಲೆಮನೆಯೊಳಗೆ ಒಮ್ಮೆಯಾದರೂ ನಿಂತವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಾಲ್ಕೂ ಕಡೆ ತೆರೆದ ಚಪ್ಪರ, ಗಾಳಿ ಧಾರಾಳ. ಆದರೂ ಒಲೆಯ ಬಾಯಿಗೆ ಮುಖ ಮಾಡಿ ಕಬ್ಬಿನ ಸಿಪ್ಪೆ ತುರುಕುವವನ ಎದೆ ಸುಡುತ್ತದೆ, ಬೆನ್ನು ತಣ್ಣಗಿರುತ್ತದೆ. ಅವನ ಎದೆಯ ಮುಂದಿನ ಗಾಳಿಗೂ ಬೆನ್ನ ಹಿಂದಿನ ಗಾಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಬೆಂಕಿಯ ಕಾವು ಗಾಳಿಯನ್ನು ದಾಟಿಕೊಂಡು ನೇರವಾಗಿ ಮೈಗೆ ಬರುತ್ತಿದೆ.

ಮಹಡಿಯ ಕೋಣೆಯಲ್ಲಿ ಆಗುವುದೂ ಇದೇ, ಕಣ್ಣಿಗೆ ಕಾಣುವ ಉರಿಯಿಲ್ಲ ಅಷ್ಟೆ. ಪರಿಶೀಲನೆಗೆ ಹೋಗುವಾಗ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಜೇಬಿನಲ್ಲಿಟ್ಟುಕೊಂಡಿರುತ್ತೇನೆ. ಏಪ್ರಿಲ್ ಸಂಜೆ ಅದನ್ನು ಸ್ಲ್ಯಾಬಿನ ಕೆಳಮೈಗೆ ಹಿಡಿದರೆ 36, 38 ಡಿಗ್ರಿ ತೋರಿಸುವುದು ಸಾಮಾನ್ಯ. ನಮ್ಮ ಚರ್ಮದ ಉಷ್ಣಾಂಶ 33–34 ಡಿಗ್ರಿ. ತನಗಿಂತ ಬಿಸಿಯಾದ ಛಾವಣಿಗೆ ಮೈ ಶಾಖ ಕೊಡಲಾರದು, ತೆಗೆದುಕೊಳ್ಳಬೇಕಾಗುತ್ತದೆ. ಗಾಳಿಯ ಓಟ ಕಡಿಮೆಯಿದ್ದಾಗ ಗಾಳಿಯ ಉಷ್ಣಾಂಶ ಮತ್ತು ಸುತ್ತಲಿನ ಮೇಲ್ಮೈಗಳ ಸರಾಸರಿ ಉಷ್ಣಾಂಶ ಇವೆರಡರ ನಡುಮಧ್ಯವೇ ಮೈಗೆ ತಟ್ಟುವ ಉಷ್ಣಾಂಶ ಎಂದು ಲೆಕ್ಕ ಹಿಡಿಯಬಹುದು. ಗಾಳಿ 28, ಸುತ್ತಲಿನ ಮೇಲ್ಮೈಗಳು ಸರಾಸರಿ 34 ಇದ್ದರೆ ಮೈಗೆ 31. ಎ.ಸಿ.ಗೆ ಈ ಸಂಗತಿ ಗೊತ್ತಾಗುವುದಿಲ್ಲ; ಅದು ತನ್ನೊಳಗೆ ಹಾದುಹೋಗುವ ಗಾಳಿಯನ್ನಷ್ಟೇ ಅಳೆಯುತ್ತದೆ. ಹೀಗಾಗಿ 24ಕ್ಕೆ ಇಟ್ಟರೂ ಹಿತವೆನಿಸದೆ 20ಕ್ಕೆ, 18ಕ್ಕೆ ಇಳಿಸುತ್ತೇವೆ. ಬೆಳಗಿನ ಜಾವ ಸ್ಲ್ಯಾಬ್ ತಣಿದ ಮೇಲೆ ಅದೇ ಎ.ಸಿ. ಚಳಿ ಹಿಡಿಸುತ್ತದೆ, ಎದ್ದು ಕಂಬಳಿ ಹುಡುಕುತ್ತೇವೆ.

ಸ್ಲ್ಯಾಬಿಗೆ ಇಷ್ಟು ಕಾವು ಎಲ್ಲಿಂದ ಬರುತ್ತದೆ? ಮೈಸೂರಿನ ಅಕ್ಷಾಂಶ 12.3 ಡಿಗ್ರಿ ಉತ್ತರ. ಏಪ್ರಿಲ್ 23ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ಆಗ ಮೋಡ ಕಾಪಾಡುತ್ತದೆ. ಮೋಡವಿಲ್ಲದ ನಡುಹಗಲಲ್ಲಿ ಒಂದು ಚದರ ಮೀಟರ್ ತಾರಸಿಯ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. 30×40 ನಿವೇಶನದಲ್ಲಿ 900 ಚದರಡಿ ತಾರಸಿಯಿರುವ ಮನೆಯ ಮೇಲೆ ಎಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಉರಿಸಿ ಇಟ್ಟಷ್ಟು. ಅದರಲ್ಲಿ ಬಹುಪಾಲು ಗಾಳಿಗೂ ಆಕಾಶಕ್ಕೂ ಮರಳುತ್ತದೆ, ನಿಜ. ಆದರೆ ಪಾಚಿ ಕಟ್ಟಿ ಕಪ್ಪಾದ ತಾರಸಿ ಬಿಸಿಲನ್ನು ಪ್ರತಿಫಲಿಸುವುದು ತೀರ ಕಡಿಮೆ. ನಾಲ್ಕೈದು ಅಂಗುಲದ ಕಾಂಕ್ರೀಟು ಕುಡಿದ ಶಾಖ ಕೆಳಮೈಗೆ ತಲುಪಲು ಮೂರು ನಾಲ್ಕು ಗಂಟೆ ಬೇಕು. ನಡುಹಗಲಿನ ಬಿಸಿಲು ಸಂಜೆಗೆ ಕೋಣೆಗಿಳಿಯುತ್ತದೆ. ಸ್ಲ್ಯಾಬು ಪೂರ್ತಿ ತಣಿಯುವುದರೊಳಗೆ ನಡುರಾತ್ರಿ ಕಳೆದಿರುತ್ತದೆ. ಇದರ ನಡುವೆ ಪಶ್ಚಿಮದ ಆರಂಗುಲದ ಸಿಮೆಂಟ್ ಬ್ಲಾಕ್ ಗೋಡೆಯೂ ತನ್ನ ಪಾಲನ್ನು ಸೇರಿಸುತ್ತದೆ.

ಅಗ್ರಹಾರದ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಕುಟ್ಟಿದ ಮದ್ರಾಸ್ ತಾರಸಿ ಇನ್ನೂ ಕಾಣಸಿಗುತ್ತದೆ. ಅದು ಈಗಿನ ಸ್ಲ್ಯಾಬಿಗಿಂತ ಎಷ್ಟೋ ದಪ್ಪ, ಸೂರೂ ಎತ್ತರ. ಹೆಂಚಿನ ಮನೆಯ ಗುಣ ಬೇರೆ: ಮಧ್ಯಾಹ್ನ ಬೇಗ ಕಾಯುತ್ತದೆ, ಹೊತ್ತು ಮುಳುಗಿದ ಮೇಲೆ ಬೇಗ ತಣಿಯುತ್ತದೆ, ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ, ಅಟ್ಟವಿದ್ದರೆ ಹೆಂಚಿನ ಕಾವು ಕೆಳಗೆ ಬರುವುದೂ ಇಲ್ಲ. ಹಾಗೆಂದು ತೊಟ್ಟಿಮನೆಯ ಕಾಲವೇ ಚೆನ್ನಾಗಿತ್ತು ಎಂದು ಕನವರಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಆ ಮನೆಗಳ ಅಡುಗೆಕೋಣೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡವರನ್ನು ಕೇಳಿ ನೋಡಬೇಕು.

ಈಗಿರುವ ಮನೆಗೆ ಏನು ಮಾಡಬಹುದು? ಅಗ್ಗದ್ದರಿಂದ ಶುರು ಮಾಡೋಣ. ಫೆಬ್ರವರಿ ಕೊನೆಯಲ್ಲಿ ತಾರಸಿಯನ್ನು ಉಜ್ಜಿ ತೊಳೆದು ಅಂಟು ಬೆರೆಸಿದ ಸುಣ್ಣ ಬಳಿಯಿರಿ. ಹೊಸದಾಗಿ ಬಳಿದ ಸುಣ್ಣ ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಧೂಳು ಕೂತು, ಮಳೆಗೆ ತೊಳೆದು ಮುಂದಿನ ವರ್ಷಕ್ಕೆ ಮಾಸಿರುತ್ತದೆ; ಮತ್ತೆ ಬಳಿಯಬೇಕು. ಬಿಳಿ ಟೈಲ್ಸ್ ಚೂರುಗಳನ್ನು ಹಾಸಿದರೆ ಬಹುಕಾಲ ಬಾಳುತ್ತದೆ, ಖರ್ಚು ಹೆಚ್ಚು. ಬಟ್ಟೆ ಒಣಗಿಸಲು, ನಾಮಕರಣದ ಊಟಕ್ಕೆ ಎಂದು ಜನ ತಾರಸಿಯ ಮೇಲೆ ಹಾಕಿಸುವ ಶೀಟಿನ ಚಪ್ಪರ ನೋಡಲು ಚೆಲುವಲ್ಲ, ಆದರೆ ಕೆಲಸ ಮಾಡುತ್ತದೆ. ಬಿಸಿಲನ್ನು ಶೀಟು ತಡೆದುಕೊಳ್ಳುತ್ತದೆ, ನಡುವೆ ಹಾಯುವ ಗಾಳಿ ಶಾಖವನ್ನು ಒಯ್ಯುತ್ತದೆ. ಸುತ್ತ ಗೋಡೆ ಕಟ್ಟಿ ಅದನ್ನೇ ಬಾಡಿಗೆ ಕೋಣೆ ಮಾಡಿದಿರೋ, ಅಲ್ಲಿರುವವರ ಗತಿ ಹೇಳತೀರದು. ಸೌರ ಫಲಕಗಳ ನೆರಳೂ ಇದೇ ಉಪಕಾರ ಮಾಡುತ್ತದೆ. ಇವೆಲ್ಲಕ್ಕಿಂತ ಬಲವಾದದ್ದು ಸ್ಲ್ಯಾಬಿನ ಮೇಲೆ ಐವತ್ತು ಮಿಲಿಮೀಟರಿನ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ, ಅಂದರೆ ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ ಹಾಸಿ ಗಾರೆ ಹಾಕುವುದು. ಲೆಕ್ಕದ ಪ್ರಕಾರ ಸ್ಲ್ಯಾಬಿನ ಮೂಲಕ ಇಳಿಯುವ ಶಾಖ ಐದನೇ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಹಲಗೆ ಮೇಲೇ ಇರಬೇಕು. ಕೆಳಗೆ ಫಾಲ್ಸ್ ಸೀಲಿಂಗಿನೊಳಗೆ ತುರುಕಿದರೆ ಕೋಣೆಗೆ ಲಾಭವೇನೋ ಆಗುತ್ತದೆ, ಆದರೆ ಸ್ಲ್ಯಾಬು ದಿನವೂ ಕಾದು ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ತಪ್ಪುವುದಿಲ್ಲ. ಸಂಜೆ ತಾರಸಿಗೆ ನೀರು ಎರಚುವವರಿದ್ದಾರೆ. ತಣಿಯುತ್ತದೆ, ಅನುಮಾನವಿಲ್ಲ. ಬೇಸಿಗೆಯಲ್ಲಿ ಎರಚುವಷ್ಟು ನೀರು ಯಾರ ಮನೆಯಲ್ಲಿದೆ?

ಇನ್ನು ಗಾಳಿಯ ಓಟ. ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಮನುಷ್ಯನನ್ನು ತಣಿಸುತ್ತದೆ. ಆದ್ದರಿಂದ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿಸಿ "ತಂಪಾಗಲಿ" ಎನ್ನುವುದು ಕರೆಂಟಿಗೆ ದಂಡ. ಮೈಮೇಲೆ ಹಿತವಾಗಿ ಬೀಸುವ ಫ್ಯಾನು ಎರಡು ಮೂರು ಡಿಗ್ರಿ ಕಡಿಮೆಯಾದ ಅನುಭವ ಕೊಡುತ್ತದೆ. ಹಳೆಯ ಫ್ಯಾನಿಗೆ 75 ವಾಟ್, ಕಡಿಮೆ ಕರೆಂಟಿನ ಮೋಟಾರಿರುವ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಸುತ್ತಮುತ್ತ, ಒಂದೂವರೆ ಟನ್ ಎ.ಸಿ.ಗೆ ಸುಮಾರು 1,500. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗುವುದು ಸಾಮಾನ್ಯವಾಗಿ ಸಂಜೆ ಏಳರ ನಂತರ. ಕಿಟಕಿ ತೆರೆಯಬೇಕಾದದ್ದು ಆಗ. ನಮ್ಮಲ್ಲಿ ನಡೆಯುವುದು ತಿರುವುಮುರುವು. ಹಗಲೆಲ್ಲ ತೆರೆದಿಟ್ಟು ಕಾದ ಗಾಳಿಯನ್ನು ಒಳಗೆ ಬಿಟ್ಟುಕೊಂಡು, ಸಂಜೆ ಆರಕ್ಕೆ ಸೊಳ್ಳೆ ಬರುತ್ತದೆಂದು ಮುಚ್ಚುತ್ತೇವೆ. ಸೊಳ್ಳೆಯ ಭಯ ಸುಳ್ಳಲ್ಲ. ಜಾಲರಿ ಹಾಕಿಸಿ, ಆದರೆ ಜಾಲರಿ ಗಾಳಿಯ ಓಟವನ್ನು ಸಾಕಷ್ಟು ತಗ್ಗಿಸುತ್ತದೆ, ಆದ್ದರಿಂದ ಕಿಟಕಿ ಅಷ್ಟು ದೊಡ್ಡದಿರಬೇಕು. ಒಂದೇ ಗೋಡೆಯಲ್ಲಿ ಕಿಟಕಿಯಿದ್ದರೆ ಗಾಳಿ ಬರುವುದಿಲ್ಲ, ಹೋಗಲು ಎದುರಿಗೆ ದಾರಿ ಬೇಕು. ಹಿಂದೆ ಸೂರಿನಡಿ ಇರುತ್ತಿದ್ದ ವೆಂಟಿಲೇಟರನ್ನು ಈಗಿನವರು ಅಂದಕ್ಕೆ ಅಡ್ಡಿಯೆಂದು ಕೈಬಿಟ್ಟಿದ್ದಾರೆ. ಸ್ಲ್ಯಾಬಿನ ಕೆಳಗೆ ಶೇಖರವಾಗುವ ಬಿಸಿಗಾಳಿ ಎಲ್ಲಿಗೂ ಹೋಗದೆ, ಫ್ಯಾನಿನ ರೆಕ್ಕೆಗೆ ಸಿಕ್ಕಿ ನಮ್ಮ ಮೇಲೆಯೇ ಸುರಿಯುತ್ತದೆ.

ತೇವಾಂಶದ ಬಗ್ಗೆ ಮೈಸೂರಿಗರು ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿರುವುದರಿಂದ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲ ಹಿಡಿದ ಮೇಲೆ ಅದನ್ನು ಮೂಲೆಗಿಡಿ.

ತೇವಾಂಶದ ಮಾತು ಬಂದಾಗಲೆಲ್ಲ ನನಗೆ ಮಂಡ್ಯ ಜಿಲ್ಲೆಯ ರೇಷ್ಮೆ ಬೆಳೆಗಾರರು ನೆನಪಾಗುತ್ತಾರೆ. ಚಾಕಿ ಹಂತದ, ಅಂದರೆ ಎಳೆಯ ಹುಳುವಿಗೆ 27–28 ಡಿಗ್ರಿ, 85–90ರಷ್ಟು ತೇವಾಂಶ. ಕೊನೆಯ ಜ್ವರದ (ಹುಳು ಪೊರೆ ಕಳಚುವುದಕ್ಕೆ ಅವರು ಹೇಳುವ ಹೆಸರು) ನಂತರ 24ರ ಆಸುಪಾಸು, 70ರಷ್ಟು ತೇವಾಂಶ. ಇದು ಅವರಿಗೆ ಬಾಯಿಪಾಠ. ಹುಳುಮನೆಯ ಗೋಡೆಯಲ್ಲಿ ತೇವಾಂಶ ತಿಳಿಯಲು ಒಣ ಮತ್ತು ಒದ್ದೆ ಬುಡ್ಡಿಯ ಉಷ್ಣಮಾಪಕ ತೂಗುತ್ತದೆ, ಕಿಟಕಿಗೆ ಒದ್ದೆ ಗೋಣಿಚೀಲ, ಸೂರಿನ ಮೇಲೆ ತೆಂಗಿನ ಗರಿ, ಪಕ್ಕದಲ್ಲಿ ಮರದ ನೆರಳು. ಅದೇ ರೈತ ತಾನು ಮಲಗುವುದು ಬರಿಯ ಆರ್‌ಸಿಸಿ ಕೆಳಗೆ. ಹುಳು ಸೊರಗಿದರೆ ಗೂಡಿನ ತೂಕದಲ್ಲಿ ನಷ್ಟ ಕಾಣುತ್ತದೆ. ಮನುಷ್ಯ ನಿದ್ದೆಗೆಟ್ಟರೆ ಯಾವ ಮಾರುಕಟ್ಟೆಯೂ ಬೆಲೆ ಕಡಿಮೆ ಮಾಡುವುದಿಲ್ಲ. ಅಷ್ಟೇ ಕಾರಣವಿರಬೇಕು.

ಎಷ್ಟು ಉಷ್ಣಾಂಶ ಹಿತ ಎಂಬುದು ಒಂದೇ ಅಂಕಿಯಲ್ಲ. ಬಿಸಿ ಸೀಮೆಯ ಜನರ ಮೈ ಬಿಸಿಗೆ ಒಗ್ಗಿರುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರೂ ಸೇರಿದಂತೆ ದೇಶದ ಐದು ನಗರಗಳ ಕಚೇರಿಗಳಲ್ಲಿ ಅಧ್ಯಯನ ಮಾಡಿ ಭಾರತೀಯರಿಗೆ ಹೊಂದುವ ಸೂತ್ರ ರೂಪಿಸಿದರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದು ಸೇರಿದೆ. ಎ.ಸಿ. ಇಲ್ಲದ ಕಟ್ಟಡಕ್ಕೆ, ಕಳೆದ ಮೂವತ್ತು ದಿನಗಳ ಹೊರಗಿನ ಸರಾಸರಿ ಉಷ್ಣಾಂಶವನ್ನು 0.54ರಿಂದ ಗುಣಿಸಿ 12.83 ಕೂಡಿಸಬೇಕು. ಸರಾಸರಿ 28 ಇರುವ ಏಪ್ರಿಲ್‌ಗೆ ಉತ್ತರ 28ರ ಹತ್ತಿರ ಬರುತ್ತದೆ, ಎರಡೂಕಾಲು ಡಿಗ್ರಿ ಮೇಲಾದರೂ ಹೆಚ್ಚಿನವರು ಒಪ್ಪುತ್ತಾರೆ. ಇದು ಕಚೇರಿಯ ಲೆಕ್ಕ. ವಯಸ್ಸಾದವರಿಗೆ, ಹಸುಗೂಸಿಗೆ, ಎರಡು ಒಲೆ ಹಚ್ಚಿ ಒಬ್ಬಟ್ಟು ಬೇಯಿಸುತ್ತಾ ನಿಂತವರಿಗೆ ಹೊಂದುವುದಿಲ್ಲ. ಅಡುಗೆಮನೆಗೆ ಫ್ಯಾನು ಬೇಡ, ಒಲೆ ಆರುತ್ತದೆ ಎಂದು ನಕ್ಷೆಯಲ್ಲಿ ಹೊಡೆದುಹಾಕುವ ಯಜಮಾನರು ಅಲ್ಲಿ ಒಂದು ತಾಸು ನಿಂತು ನೋಡಲಿ. ಗೋಡೆಗೆ ಹಾಕುವ ಪುಟ್ಟ ಫ್ಯಾನನ್ನು ಒಲೆಗೆ ತಾಗದಂತೆ ತಿರುಗಿಸಿದರೆ ಯಾವ ಉರಿಯೂ ಆರುವುದಿಲ್ಲ.

ಮನೆ ಇನ್ನೂ ಮೋಲ್ಡ್ ಹಂತಕ್ಕೆ ಬಂದಿಲ್ಲವೆಂದರೆ ಮೇಸ್ತ್ರಿಗೆ ಈಗಲೇ ಹೇಳಿಡಬೇಕಾದ ಕೆಲವು ಮಾತುಗಳಿವೆ. ಪಶ್ಚಿಮದ ಕಿಟಕಿಗೆ ಒಂದೂವರೆ ಅಡಿಯ ಸಜ್ಜಾ ಇಳಿಬಿಸಿಲನ್ನು ತಡೆಯದು. ಅಲ್ಲಿ ಕಿಟಕಿ ಚಿಕ್ಕದಿರಲಿ, ಇಲ್ಲವೇ ಹೊರಗಿನಿಂದ ಮುಚ್ಚುವ ಬಾಗಿಲಿರಲಿ. ಮೇ ತಿಂಗಳಿಂದ ಜುಲೈವರೆಗೆ ಸೂರ್ಯ ಉತ್ತರಕ್ಕೆ ಸರಿಯುವುದರಿಂದ ಉತ್ತರದ ಕಿಟಕಿಗೂ ಸಜ್ಜಾ ಬೇಕು, "ಉತ್ತರಕ್ಕೆ ಬಿಸಿಲೆಲ್ಲಿ" ಎಂದು ಉಳಿಸಹೋಗಬೇಡಿ. ಮುಂದೆ ಶಾಖನಿರೋಧಕ ಹಲಗೆ, ಗಾರೆ, ವಾಟ ಎಲ್ಲ ಸೇರಿ ತಾರಸಿ ನಾಲ್ಕೈದು ಅಂಗುಲ ಮೇಲೇಳುತ್ತದೆ. ಮೆಟ್ಟಿಲ ಕೋಣೆಯ ಹೊಸಿಲು, ಪ್ಯಾರಪೆಟ್ಟಿನ ಎತ್ತರ, ಮಳೆನೀರಿನ ಪೈಪಿನ ಬಾಯಿ ಈ ಮೂರನ್ನೂ ಅಷ್ಟು ಎತ್ತರಿಸಿ ಇಡಿಸಿ. ಇದನ್ನು ಮರೆತ ಮನೆಗಳಲ್ಲಿ ಆಮೇಲೆ ಹಲಗೆ ಹಾಸಲು ಹೋದರೆ ಮಳೆನೀರು ಮೆಟ್ಟಿಲಿಳಿದು ಒಳಗೆ ಬರುತ್ತದೆ.