ಚೆಸ್‌ಗೆ ಹಾಕಲೋ, ಅಬಾಕಸ್‌ಗೋ? ಬೇಸಿಗೆ ರಜೆಯ ಅದೇ ಪ್ರಶ್ನೆ

ಪ್ರಶ್ನೆ: ಮೇಡಂ, ಮಗ ಐದನೇ ಕ್ಲಾಸ್ ಮುಗಿಸಿದ. ರಜೆ ಪೂರ್ತಿ ಸುಮ್ನೆ ಬಿಟ್ಟರೆ ಕಲಿತದ್ದೆಲ್ಲ ಮರೆತುಬಿಡ್ತಾನೆ ಅಂತ ಭಯ. ಚೆಸ್ ಕ್ಲಾಸಿಗೆ ಹಾಕಲೋ, ಅಬಾಕಸ್‌ಗೋ, ಇಲ್ಲಾ ಫೋನಲ್ಲಿ ಬ್ರೈನ್ ಗೇಮ್ ಆ್ಯಪ್ ಹಾಕಿಕೊಡಲೋ? ಯಾವುದರಿಂದ ಬುದ್ಧಿ ಜಾಸ್ತಿ ಚುರುಕಾಗುತ್ತೆ?

ಉತ್ತರ: ಏಪ್ರಿಲ್ ಬಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಜಯನಗರದವರು ಕೇಳಲಿ, ಯಲಹಂಕದವರು ಕೇಳಲಿ, ಕ್ಲಾಸಿನ ಹೆಸರು ಮತ್ತು ಫೀಸು ಮಾತ್ರ ಬೇರೆ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುತ್ತೇನೆ. ಯಾವುದರಿಂದಲೂ ಇಲ್ಲ. ಚೆಸ್ ಆಡಿದರೆ ಚೆಸ್ ಬರುತ್ತದೆ. ಅಬಾಕಸ್ ಕಲಿತರೆ ಕೂಡಿಸೋದು ಕಳೆಯೋದು ಬೇಗ ಬರುತ್ತದೆ. ಆ್ಯಪ್ ಆಡಿದರೆ ಆ ಆ್ಯಪಿನಲ್ಲಿ ಸ್ಕೋರ್ ಏರುತ್ತದೆ. ಬುದ್ಧಿ ಅನ್ನುವುದು ಒಟ್ಟಾಗಿ ಹರಿತವಾಗಿ, ಜೂನ್ ತಿಂಗಳಲ್ಲಿ ವಿಜ್ಞಾನಕ್ಕೂ ಸಮಾಜಕ್ಕೂ ತಾನಾಗಿ ಹರಡಿಕೊಳ್ಳುತ್ತದೆ ಅನ್ನುವುದಿದೆಯಲ್ಲ, ಅದು ಪಾಂಪ್ಲೆಟ್‌ನಲ್ಲಿ ಮಾತ್ರ ಆಗುತ್ತದೆ.

ಹಾಗಂತ ಆಟ ಬೇಡ ಅಂದೆ ಅಂದುಕೊಳ್ಳಬೇಡಿ. ಆಟ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಗಟ್ಟಿ ನಂಬಿಕೆಯನ್ನು ನೋಡೋಣ.

"ಮೆದುಳು ಸ್ನಾಯು ಇದ್ದ ಹಾಗೆ ಮೇಡಂ, ಯಾವುದರಲ್ಲಿ ಕಸರತ್ತು ಮಾಡಿದರೂ ಬಲ ಬರುತ್ತೆ" ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. 2010ರಲ್ಲಿ ಬಿಬಿಸಿಯ ಜೊತೆ ಸೇರಿ ಬ್ರಿಟನ್ನಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. 11,430 ವಯಸ್ಕರು ಆರು ವಾರ ಕಂಪ್ಯೂಟರಿನಲ್ಲಿ ಬ್ರೈನ್ ಗೇಮ್ ಆಡಿದರು. ಆಡಿದ ಆಟದಲ್ಲಿ ಎಲ್ಲರೂ ಸುಧಾರಿಸಿದರು. ಆಡದೇ ಇದ್ದ ಪರೀಕ್ಷೆ ಕೊಟ್ಟಾಗ, ಅದು ನೋಡೋಕೆ ಅದೇ ಥರದ್ದಾಗಿದ್ದರೂ, ಪ್ರಯೋಜನ ಏನೂ ಕಾಣಲಿಲ್ಲ. ಅದು ದೊಡ್ಡವರ ಕಥೆ, ಮಕ್ಕಳ ಮೆದುಳು ಬೇರೆ ಅಂತೀರಾ? ಸರಿ, ಮಕ್ಕಳದ್ದೇ ತೆಗೆದುಕೊಳ್ಳಿ. ಇಂಗ್ಲೆಂಡಿನ 100 ಶಾಲೆಗಳಲ್ಲಿ, ಹೆಚ್ಚೂಕಡಿಮೆ ನಿಮ್ಮ ಮಗನ ವಯಸ್ಸಿನ ಮಕ್ಕಳನ್ನು ಇಟ್ಟುಕೊಂಡು ಒಂದು ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ಶಾಲಾ ಸಮಯದಲ್ಲೇ ಚೆಸ್ ಪಾಠ, ಉಳಿದವುಗಳಲ್ಲಿ ಎಂದಿನಂತೆ. ಚೆಸ್ ಪಾಠ ಮುಗಿದು ಒಂದು ವರ್ಷದ ಮೇಲೆ ಗಣಿತದ ಪರೀಕ್ಷೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ವರದಿ ಬಂದದ್ದು 2016ರಲ್ಲಿ.

ಅದೇ ವರ್ಷ ಜನವರಿಯಲ್ಲಿ ಲುಮಾಸಿಟಿ ಅನ್ನುವ ಬ್ರೈನ್ ಗೇಮ್ ಕಂಪನಿ, ನಮ್ಮ ಆಟ ಆಡಿದರೆ ಶಾಲೆಯಲ್ಲೂ ಕೆಲಸದಲ್ಲೂ ಮುಂದೆ ಬರುತ್ತೀರಿ ಎಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪಕ್ಕೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಇಷ್ಟಾದ ಮೇಲೂ ನಮ್ಮ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಅದೇ ಥರದ ಮೆಸೇಜು ಫಾರ್ವರ್ಡ್ ಆಗುತ್ತಲೇ ಇರುತ್ತದೆ.

ಅಬಾಕಸ್ ಬಗ್ಗೆ ನಮ್ಮ ದೇಶದಲ್ಲೇ ಕೆಲಸ ಆಗಿದೆ. ಗುಜರಾತಿನ ವಡೋದರಾದಲ್ಲಿ 204 ಮಕ್ಕಳನ್ನು ಮೂರು ವರ್ಷ ಗಮನಿಸಿದರು. ಅಬಾಕಸ್ ಕಲಿತವರ ಲೆಕ್ಕ ಚೆನ್ನಾಗಿ ಸುಧಾರಿಸಿತು, ಅದನ್ನು ಒಪ್ಪಲೇಬೇಕು. ನೆನಪಿನ ಶಕ್ತಿ ಅಂತ ಪಾಂಪ್ಲೆಟ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಾರಲ್ಲ, ಅದು ಉಳಿದ ಮಕ್ಕಳಿಗಿಂತ ಜಾಸ್ತಿ ಆಗಲಿಲ್ಲ.

"ಆದರೆ ಚೆಸ್ ಆಡೋ ಮಕ್ಕಳಿಗೆ ನೆನಪಿನ ಶಕ್ತಿ ಎಷ್ಟಿರುತ್ತೆ ನೋಡಿ!" ಇದು ಮುಂದಿನ ಬಾಣ, ನನಗೆ ಗೊತ್ತು. ಇದಕ್ಕೆ ಉತ್ತರ 1973ರ ಒಂದು ಪ್ರಯೋಗದಷ್ಟು ಹಳೆಯದು. ಪಳಗಿದ ಚೆಸ್ ಆಟಗಾರರಿಗೆ ನಿಜವಾದ ಆಟದ ಮಧ್ಯದ ಬೋರ್ಡನ್ನು ಐದು ಸೆಕೆಂಡ್ ತೋರಿಸಿದರೆ, ಯಾವ ಕಾಯಿ ಎಲ್ಲಿತ್ತು ಅಂತ ಬಹುಪಾಲು ಸರಿಯಾಗಿ ಜೋಡಿಸುತ್ತಾರೆ. ಹೊಸಬರಿಗೆ ಆಗುವುದಿಲ್ಲ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದರೆ ಪಳಗಿದವರೂ ಹೊಸಬರೂ ಹೆಚ್ಚೂಕಡಿಮೆ ಒಂದೇ. ಅಂದರೆ ಬೆಳೆದದ್ದು ನೆನಪಿನ ಶಕ್ತಿ ಅಲ್ಲ, ಚೆಸ್ಸಿನ ತಿಳಿವಳಿಕೆ. ಇನ್ನು ಚೆಸ್ ಆಡುವ ಮಕ್ಕಳೆಲ್ಲ ಜಾಣರಾಗಿ ಕಾಣುವುದಕ್ಕೆ ಕಾರಣ ಸರಳ. ಕಷ್ಟ ಅನಿಸಿದವರು ಎರಡೇ ತಿಂಗಳಲ್ಲಿ ಕ್ಲಾಸ್ ಬಿಟ್ಟಿರುತ್ತಾರೆ. ಉಳಿದವರನ್ನು ಮಾತ್ರ ನೋಡಿ ನಾವು ತೀರ್ಮಾನ ಮಾಡುತ್ತೇವೆ, ಅಲ್ವಾ?

(ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುವ ಕ್ಯಾಂಪುಗಳ ಬಗ್ಗೆ ದಯವಿಟ್ಟು ಕೇಳಬೇಡಿ. ಮಗು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತದೆ. ಅಷ್ಟೇ.)

ಈಗ ಆಟಕ್ಕೆ ಬರೋಣ. ಮಗು ಏನನ್ನು ಮಾಡುತ್ತದೋ ಅದೇ ಅದಕ್ಕೆ ಬರುವುದಾದರೆ, ಆಟದೊಳಗೆ ಏನಿದೆ ಅಂತ ನೋಡಿ ಆಟ ಆರಿಸಬೇಕು. ಜೂನ್‌ನಲ್ಲಿ ನಮ್ಮ ಕ್ಲಾಸಿಗೆ ವಾಪಸ್ ಬರುವ ಮಕ್ಕಳು ಮರೆತಿರುವುದು "ಬುದ್ಧಿ"ಯನ್ನಲ್ಲ. ಮಗ್ಗಿ, ಭಾಗಾಕಾರ, ಭಿನ್ನರಾಶಿ, ಒತ್ತಕ್ಷರ. ಅಮೆರಿಕದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 1996ರ ವರದಿಯೂ ಇದನ್ನೇ ಹೇಳುತ್ತದೆ: ರಜೆಯಲ್ಲಿ ಜಾಸ್ತಿ ಕೈತಪ್ಪುವುದು ಲೆಕ್ಕ ಮಾಡುವ ಅಭ್ಯಾಸ ಮತ್ತು ಕಾಗುಣಿತ. ಹಾಗಾದರೆ ಇವು ಇರುವ ಆಟ ಬೇಕು.

ಪುಟ್ಟ ಮಕ್ಕಳಿದ್ದರೆ ಹಾವು ಏಣಿ ಸಾಕು, ಒಂದು ಷರತ್ತು ಮಾತ್ರ. 14ರ ಮನೆಯಲ್ಲಿ ನಿಂತು 3 ಬಿದ್ದರೆ "ಒಂದು, ಎರಡು, ಮೂರು" ಅಂತ ಅಲ್ಲ, "ಹದಿನೈದು, ಹದಿನಾರು, ಹದಿನೇಳು" ಅಂತ ಬಾಯಿಬಿಟ್ಟು ಹೇಳಿಸಿ. ಅಂಕಿ ಬರೆದ ಪಟ್ಟಿಯ ಮೇಲೆ ಹೀಗೆ ಹೇಳಿಕೊಂಡು ಬರೀ ನಾಲ್ಕು ಸಲ, ಸಲಕ್ಕೆ ಸುಮಾರು ಕಾಲು ಗಂಟೆ ಆಡಿದ ನಾಲ್ಕೈದು ವರ್ಷದ ಮಕ್ಕಳಿಗೆ ಸಂಖ್ಯೆಗಳ ಅರಿವು ಹೆಚ್ಚಿದ್ದನ್ನು 2008ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಅಂಕಿಯ ಬದಲು ಬಣ್ಣ ಇದ್ದ ಅದೇ ಆಟ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ನಿಮ್ಮ ಮಗನ ವಯಸ್ಸಿಗೆ ನನ್ನ ಓಟು ಚೌಕಾಬಾರಕ್ಕೆ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ನಾಲ್ಕು ಕವಡೆ ಸಿಗುತ್ತವೆ, ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ತೇಯ್ದುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ. ಕಾಯಿ ಹೊರಟಲ್ಲಿಂದ ನಡುಮನೆ ಸೇರಿ ಹಣ್ಣಾಗೋಕೆ 24 ಹೆಜ್ಜೆ. "ನಿನ್ನ ಕಾಯಿಗೆ ಇನ್ನೆಷ್ಟು ಬೇಕು? ನನ್ನ ಕಾಯಿ ಹೊಡೆಯೋಕೆ ಎಷ್ಟು ಬೀಳಬೇಕು? ಎರಡು ಬಿದ್ದರೆ ಯಾವ ಕಾಯಿ ನಡೆಸ್ತೀಯ, ಯಾಕೆ?" ಅಂತ ಕೇಳುತ್ತಾ ಆಡಿ. ಆ "ಯಾಕೆ" ಮುಖ್ಯ. ಸುಮ್ನೆ ಕವಡೆ ಎಸೆದು ಕಾಯಿ ತಳ್ಳಿದರೆ ಅದು ಬರೀ ಟೈಮ್ ಪಾಸ್.

ಇದರೊಳಗೆ ಇನ್ನೊಂದು ಗಮ್ಮತ್ತಿದೆ. ನಾಲ್ಕು ಕವಡೆ, ಪ್ರತಿಯೊಂದೂ ಬಾಯಿ ಮೇಲಾಗಿ ಇಲ್ಲವೇ ಕವುಚಿ ಬೀಳಬಹುದು, ಒಟ್ಟು 16 ರೀತಿ. ಅದರಲ್ಲಿ ಎರಡು ಬೀಳೋಕೆ 6 ದಾರಿ, ಒಂದಕ್ಕೂ ಮೂರಕ್ಕೂ ತಲಾ 4, ಚೌಕಕ್ಕೆ (ನಾಲ್ಕೂ ಬಾಯಿ ಮೇಲೆ) ಒಂದೇ, ಬಾರಕ್ಕೂ (ನಾಲ್ಕೂ ಕವುಚಿ) ಒಂದೇ. ಆದರೆ ಇದು ಎರಡೂ ಬದಿ ಸಮ ಇದ್ದರೆ ಮಾತ್ರ ನಿಜ, ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ನೂರು ಸಲ ಎಸೆದು ಗೀಟು ಹಾಕಿ ಬರೆದುಕೊಳ್ಳೋಕೆ ಹೇಳಿ. ಆಮೇಲೆ ಹುಣಸೆ ಬೀಜದಲ್ಲಿ ನೂರು ಸಲ. ಎರಡು ಪಟ್ಟಿ ಪಕ್ಕ ಇಟ್ಟು ನೋಡಲಿ. ನಾನು ಹೈಸ್ಕೂಲಿನಲ್ಲಿ ಸಂಭವನೀಯತೆ ಪಾಠ ಶುರು ಮಾಡುವಾಗ ಇಂಥದ್ದನ್ನು ಮಾಡಿ ಬಂದಿರುವ ಮಗು ಯಾವುದು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಳಗುಳಿ ಮಣೆ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ. ಕೊನೆಯ ಕಾಳು ಯಾವ ಗುಳಿಗೆ ಬೀಳುತ್ತೆ ಅಂತ ಹಂಚುವ ಮೊದಲೇ ಹೇಳಬೇಕು, ಅದೇ ಆಟ. ಒತ್ತಕ್ಷರಕ್ಕೆ ಪದಬಂಧ, ಪದಗಳ ಅಂತ್ಯಾಕ್ಷರಿ.

ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮುಂದಿನ ಗಾಡಿಯ ನಂಬರ್ ಪ್ಲೇಟ್ ಇದೆ, ಕಾಸಿಲ್ಲದ ಒಗಟು. ಕೊನೆಯ ನಾಲ್ಕು ಅಂಕಿಗಳಿಂದ ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿ 10 ತರಬೇಕು. 3725 ಇದ್ದರೆ ಮೂರೈದಲೆ ಹದಿನೈದು, ಏಳು ಕಳೆ, ಎರಡು ಕೂಡು. 1158 ಕಂಡರೆ ದೊಡ್ಡವರೂ ಸುಸ್ತು, ಭಿನ್ನರಾಶಿ ಇಲ್ಲದೆ ಅದು ಬಗ್ಗುವುದಿಲ್ಲ. ಒಂದನ್ನು ಐದರಿಂದ ಭಾಗಿಸಿ ಶುರು ಮಾಡಿ, ಉಳಿದದ್ದು ನಿಮಗೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಲಿಲ್ಲ. ಮಗು ಅಳುತ್ತೆ ಅಂತ ಬೇಕಂತಲೇ ಸೋಲಬೇಡಿ. ಐದನೇ ಕ್ಲಾಸಿನ ಮಗುವಿಗೆ ಅದು ಗೊತ್ತಾಗಿಯೇ ಆಗುತ್ತದೆ, ಗೊತ್ತಾದ ದಿನ ಆಟದ ಮೇಲಿನ ಆಸೆ ಹೋಗುತ್ತದೆ. ಅದರ ಬದಲು ಎಲ್ಲರಿಗೂ ಕಾಣುವ ಹಾಗೆ ನಿಮ್ಮ ಕೈ ಕಟ್ಟಿಕೊಳ್ಳಿ. ಚೆಸ್‌ನಲ್ಲಿ ನಿಮ್ಮ ಮಂತ್ರಿಯನ್ನು ತೆಗೆದು ಪಕ್ಕಕ್ಕಿಟ್ಟು ಆಡಿ. ಮಗು ಮೂರು ಆಟ ಗೆದ್ದರೆ ಮಂತ್ರಿ ವಾಪಸ್ ಬಂದು, ಅದರ ಬದಲು ಒಂದು ಆನೆ ಹೊರಗೆ. ಆಡು ಹುಲಿ ಆಟದಲ್ಲಿ ಎರಡು ಪಕ್ಷ ಮೊದಲೇ ಸಮ ಇಲ್ಲ, ಒಂದು ಸಲ ಹುಲಿ, ಒಂದು ಸಲ ಆಡು ಅಂತ ಬದಲಾಯಿಸಿ. ಚೌಕಾಬಾರದಲ್ಲಿ ಏನೂ ಮಾಡಬೇಕಿಲ್ಲ, ಬಾರದ ಮೇಲೆ ಬಾರ ಬಿದ್ದು ಮಗುವೇ ನಿಮ್ಮನ್ನು ಸೋಲಿಸುವ ದಿನಗಳು ಬೇಕಾದಷ್ಟು ಬರುತ್ತವೆ. ಮೊಮ್ಮಕ್ಕಳ ಮುಂದೆ ಸೋಲುವ ಅಜ್ಜಂದಿರಿಗೆ ಈ ನಿಯಮ ಲಾಗೂ ಆಗುವುದಿಲ್ಲ, ಅವರು ಕೇಳುವುದೂ ಇಲ್ಲ.