ಬೋರ್ಡಿನಲ್ಲಿ ಎಷ್ಟು ಸಾಲು ಬರೆಯಬೇಕು?

ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಷ್ಟ್ರು. ಬೀಜಗಣಿತದ ಲೆಕ್ಕವನ್ನು ಒಂದು ಸಾಲೂ ಬಿಡದೆ ಬೋರ್ಡಿನಲ್ಲಿ ಬಿಡಿಸುವುದೆಂದರೆ ನನಗೆ ಹೆಮ್ಮೆ. ಗಣಿತವೆಂದರೆ ಹೆದರುತ್ತಿದ್ದವರು ಅದರಿಂದ ದಡ ಸೇರಿದರು. ಆದರೆ ಒಂಬತ್ತನೇ ಕ್ಲಾಸಿನ ಜಾಣೆಯೊಬ್ಬಳು ಜುಲೈ ಹೊತ್ತಿಗೆ ಕಿಟಕಿಯಾಚೆ ಮಳೆ ನೋಡತೊಡಗಿದಳು. ಅಂಕವೂ ಇಳಿಯಿತು. ಸೊಕ್ಕು ಎಂದುಕೊಂಡೆ. ತಪ್ಪು ನನ್ನದು.

ಆ ಕ್ಷಣದ ಕೆಲಸಕ್ಕೆಂದು ನಮ್ಮ ತಲೆಯಲ್ಲಿರುವ ಜಗಲಿ ಬಹಳ ಸಣ್ಣದು. ಕಾರ್ಯಸ್ಮೃತಿ ಎಂದು ಅದರ ಹೆಸರು. ಹೊಸ ಸಂಗತಿಗಳಾದರೆ ಒಂದು ಸಲಕ್ಕೆ ನಾಲ್ಕು ಕೂತರೆ ಹೆಚ್ಚು. ಹೊಸಬನಿಗೆ ಚಿಹ್ನೆ ಬದಲಿಸುವುದು ಒಂದು, ಭಾಗಿಸುವುದು ಇನ್ನೊಂದು, ಯಾವುದು ಮೊದಲು ಎಂಬ ಗೊಂದಲ ಮತ್ತೊಂದು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡುವ ಮಗುವಾದರೆ ಪಠ್ಯದ ಕನ್ನಡವೂ ಅಲ್ಲೇ ಜಾಗ ಕೇಳುತ್ತದೆ. (ನಡುವೆ ಒಮ್ಮೆ ತುಳುವಿನಲ್ಲಿ 'ಅರ್ಥ ಆಂಡಾ?' ಎಂದರೆ ಅವರ ಮುಖ ಸಡಿಲಾಗುವುದು ಸುಮ್ಮನೆ ಅಲ್ಲ.) ಹಾಗಾಗಿ ಪೂರ್ತಿ ಬಿಡಿಸಿದ ಲೆಕ್ಕ ಹೊಸಬನಿಗೆ ನಿಜಕ್ಕೂ ಉಪಕಾರ. ಆಸ್ಟ್ರೇಲಿಯದ ಸಂಶೋಧಕರಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಇದನ್ನು ಬೀಜಗಣಿತದಲ್ಲೇ ತೋರಿಸಿದರು.

ಗೊತ್ತಿದ್ದವರಿಗೆ ಕತೆ ಬೇರೆ. ಅವರ ತಲೆಯಲ್ಲಿ ಆ ಹಂತಗಳೆಲ್ಲ ಸೇರಿ ಒಂದೇ ಕಟ್ಟಾಗಿರುತ್ತವೆ. ನಾನು ಸಾಲು ಸಾಲಾಗಿ ಬರೆದರೆ ಆ ಕಟ್ಟು ಬಿಚ್ಚಿ, ನನ್ನ ಒಂದೊಂದು ಸಾಲಿಗೂ ಹೋಲಿಸಿ ನೋಡಬೇಕು. ಅದೇ ಒಂದು ಹೊರೆ. 2003ರ ಹೊತ್ತಿಗೆ ಸ್ವೆಲ್ಲರ್ ಮತ್ತು ಸಂಗಡಿಗರು ಇದನ್ನೂ ಗುರುತಿಸಿದ್ದರು: ಹೊಸಬನನ್ನು ಎತ್ತುವ ಸಹಾಯವೇ ಪಳಗಿದವನಿಗೆ ಅಡ್ಡಗಾಲು.

ಶಿಕ್ಷಕರ ಕೂಟಗಳಲ್ಲಿ ಈಗಲೂ 'ಇವನು ನೋಡಿ ಕಲಿಯುವವ, ಅವಳು ಕೇಳಿ ಕಲಿಯುವವಳು' ಎಂಬ ಮಾತು ಬರುತ್ತದೆ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು ಹುಡುಕಿ ನೋಡಿದಾಗ ಅದಕ್ಕೆ ತಕ್ಕ ಆಧಾರ ಸಿಗಲಿಲ್ಲ. ಯಕ್ಷಗಾನದ ಹೆಜ್ಜೆಯನ್ನು ಕಿವಿಯಲ್ಲಷ್ಟೇ ಕಲಿತವರುಂಟೇ? ಮಗು ಎಂಥದ್ದು ಎನ್ನುವುದಕ್ಕಿಂತ ಅದಕ್ಕೆ ಎಷ್ಟು ಗೊತ್ತು ಎನ್ನುವುದು ಮುಖ್ಯ. ಹಿಂದಿನ ವರ್ಷದ ಪಾಠ ನೆನಪಿಸುವ ಜೂನಿನ ಸೇತುಬಂಧದಲ್ಲಿ ಪೂರ್ವ ಪರೀಕ್ಷೆ ಇಡುವುದೂ ಅದಕ್ಕೇ. ನಾವು ಅಂಕ ತುಂಬಿಸಿ ಫೈಲಿಗೆ ಸೇರಿಸುತ್ತೇವೆ, ಅದು ಬೇರೆ ಮಾತು.

ಹಾಗಾದರೆ ಮಾಷ್ಟ್ರ ಸ್ವಭಾವ? ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ 1976ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. 3, 4, 5 ವರ್ಷದ 30 ಮಕ್ಕಳು 21 ಮರದ ತುಂಡುಗಳಿಂದ ಪಿರಮಿಡ್ ಕಟ್ಟಬೇಕು, ಜೊತೆಗೆ ಒಬ್ಬರು ಕಲಿಸುವವರು. ಮೂರರ ಮಗುವಿನೆದುರು ಅವರ ಕೆಲಸ ಹೆಚ್ಚಾಗಿ ಆಟಕ್ಕೆ ಮನಸ್ಸು ಸೆಳೆಯುವುದು. ನಾಲ್ಕರದ್ದಕ್ಕೆ ಮಾತಿನಲ್ಲೇ ಚುರುಕು ಮುಟ್ಟಿಸುವುದು. ಐದರದ್ದು ತಾನೇ ಕಟ್ಟಿ 'ಸರಿಯಾ?' ಎಂದಾಗ ಹೂಂಗುಟ್ಟುವುದು. ವ್ಯಕ್ತಿ ಒಬ್ಬರೇ, ವೇಷ ಮೂರು. ಯಕ್ಷಗಾನದಲ್ಲಿ ಪದ ಹಾಡಿ ಆಟ ನಡೆಸುವ ನಮ್ಮ ಭಾಗವತರೂ ಹಾಗೆಯೇ: ಎಳೆಯ ವೇಷವನ್ನು ತಾಳ ಬಿಗಿಹಿಡಿದು ನಡೆಸುತ್ತಾರೆ, ಹಿರಿಯ ಕಲಾವಿದ ರಂಗಕ್ಕೆ ಬಂದರೆ ಅವನ ಮರ್ಜಿ ನೋಡಿ ಪದ ಎಳೆಯುತ್ತಾರೆ.

ಈಗ ನಾನು ಮೊದಲ ಲೆಕ್ಕ ಪೂರ್ತಿ ಬರೆಯುತ್ತೇನೆ. ಎರಡನೆಯದರಲ್ಲಿ ಕೊನೆಯ ಸಾಲು ಖಾಲಿ, ಮೂರನೆಯದರಲ್ಲಿ ಕೊನೆಯ ಎರಡು. ಜಾಣೆಗೆ ಪ್ರಶ್ನೆ ಮಾತ್ರ. ಮೊನ್ನೆ ಅವಳು ನಾನು ಬಿಡಿಸದ ದಾರಿಯಲ್ಲಿ ಉತ್ತರ ತಂದಳು, ನನ್ನದಕ್ಕಿಂತ ಎರಡು ಸಾಲು ಕಡಿಮೆ.